ಗಾಳಿ ಹಾಕುತ್ತಿದ್ದ ಎಡಗೈ

ಗುರುದೇವಿಯ ಎಡಗೈಗೆ ಜೀವಮಾನವಿಡೀ ಒಂದೇ ಕೆಲಸ, ಹಾರ್ಮೋನಿಯಂ ಪೇಟಿಯ ತಿದಿಗೆ ಗಾಳಿ ಹಾಕುವುದು. ಸ್ವರ ನುಡಿಸುವುದು, ಶಹಬ್ಬಾಸ್ ಅನ್ನಿಸಿಕೊಳ್ಳುವುದು ಎಲ್ಲ ಬಲಗೈಯ ಪಾಲು. ಎಡಗೈ ಪೇಟಿಯ ಬೆನ್ನಿಗೆ ಕೂತು, ಮದುವೆ ಮನೆಯಲ್ಲಿ ನೀರು ಹೊರುವವಳ ಹಾಗೆ, ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿತ್ತು. ಅಂಥ ಕೈಗೆ ಅರವತ್ತೈದು ದಾಟಿದ ಮೇಲೆ ವಿಲಾಯತಿಯ ಕೆಂಟನ್ನಿನ ಒಂದು ಚರ್ಚಿನ ಹಾಲಿನಲ್ಲಿ ಯಜಮಾನಿಕೆ ಸಿಕ್ಕಿತು. ಸಿಕ್ಕಿದ್ದನ್ನು ಬಿಟ್ಟುಕೊಡು ಎಂದವರೂ ಬಂದರು.

ಪೇಟಿ ಅವಳಿಗೆ ಅಪ್ಪನಿಂದ ಬಂದದ್ದು. ಧಾರವಾಡದ ಮಠವೊಂದರಲ್ಲಿ ಸೋಮವಾರದ ಭಜನೆಗೆ ಅವಳ ಅಪ್ಪ ಪರಪ್ಪ ಪೇಟಿ ನುಡಿಸುತ್ತಿದ್ದ. ತಮ್ಮಂದಿರನ್ನು ಆಡಿಸಲಿಕ್ಕೆಂದು ನಾಲ್ಕನೆಯ ಇಯತ್ತೆಗೇ ಅವಳ ಶಾಲೆ ಬಿಡಿಸಿದರು. ಪೇಟಿಯನ್ನು ಮಾತ್ರ ಯಾರೂ ಬಿಡಿಸಲಿಲ್ಲ. ಅಪ್ಪ ಕಲಿಸಿದ್ದು ಒಂದೇ ಪಾಠ. "ಹಾಡವರ ಬೆನ್ನ ಹಿಂದ ನಡೀಬೇಕು. ಅವರು ಎಲ್ಲಿ ಕಾಲಿಡತಾರೋ ಅಲ್ಲೇ ನೀ ಕಾಲಿಡು, ಒಂದು ಚಣ ತಡದು. ಮುಂದ ಹೋದ್ಯೋ, ಬೆರಳಿಗೆ ಬಡೀತೇನಿ." ಬಡಿದೂ ಇದ್ದ. ಹಾಡುವವರು ಏನು ಹಾಡಿದರೂ ಅದನ್ನೇ ಹಿಂದಿನಿಂದ ಎತ್ತಿಕೊಂಡು ನುಡಿಸುವುದು, ಅದೇ ಸಾಥ್. ಅವಳ ಬೆರಳಿಗೆ ಅದು ಉಸಿರಿನಷ್ಟೇ ರೂಢಿಯಾಗಿತ್ತು.

ಮದುವೆಯಾಗಿ ಗಂಡ ಕಲ್ಲಯ್ಯನ ಬೆನ್ನು ಹತ್ತಿ ಫೆಲ್ಥಮ್‌ಗೆ ಬಂದಾಗ ಆ ಪೇಟಿಯೂ ವಿಮಾನ ಹತ್ತಿತು. ಕಲ್ಲಯ್ಯ ಏರ್‌ಪೋರ್ಟಿನಲ್ಲಿ ಸಾಮಾನು ಏರಿಸುವ ಕೆಲಸದಲ್ಲಿದ್ದ. ಇವಳು ವಿಮಾನದವರ ಊಟ ತುಂಬುವ ಫ್ಯಾಕ್ಟರಿಗೆ ಸೇರಿದಳು. ಟ್ರೇಯಲ್ಲಿ ಬನ್ನು ಇಲ್ಲಿ, ಬೆಣ್ಣೆ ಅಲ್ಲಿ, ಚಮಚ ಮೂಲೆಗೆ. ಇಂಗ್ಲಿಷ್ ಕಲಿತದ್ದೂ ಅದೇ ಟ್ರೇಗಳ ನಡುವೆ. ಹೀಗಾಗಿ ಅವಳ ಇಂಗ್ಲಿಷಿಗೂ ಧಾರವಾಡದ ನಡಿಗೆಯೇ ಉಳಿಯಿತು. ಕಲ್ಲಯ್ಯ ತೀರಿಕೊಂಡ ಮೇಲೆ ಮಗ ಶರಣಬಸವ ತಾಯಿಯನ್ನು ಕೆಂಟನ್ನಿನ ತನ್ನ ಮನೆಗೆ ಕರೆತಂದ. ಭಾನುವಾರಗಳಲ್ಲಿ ಕಿಂಗ್ಸ್‌ಬರಿಯ ಕನ್ನಡದವರ ಭಜನಾ ಮಂಡಳಿಗೆ ಅವಳದೇ ಪೇಟಿ. ವಾರದ ನಡುವೆ ಹೊತ್ತು ಹೋಗುತ್ತಿರಲಿಲ್ಲವೆಂದು, ಗುರುವಾರ ಚರ್ಚಿನ ಹಾಲಿನಲ್ಲಿ ವಯಸ್ಸಾದವರಿಗೆ ನಡೆಸುವ ಊಟದ ಕೂಟಕ್ಕೆ ಹೋಗತೊಡಗಿದಳು. ಅವರ ಬೇಯಿಸಿದ ಆಲೂಗಡ್ಡೆ ಅವಳಿಗೆ ಸೇರುತ್ತಿರಲಿಲ್ಲ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಒಯ್ದು, ಎದುರಿಗೆ ಕೂತವರಿಗೂ ಒಂದು ತುಣುಕು ಮುರಿದುಕೊಟ್ಟು, ಅವರು ಖಾರಕ್ಕೆ ಕಣ್ಣಲ್ಲಿ ನೀರು ತರುವುದನ್ನು ನೋಡಿ ನಗುತ್ತಿದ್ದಳು.

ಒಂದು ಗುರುವಾರ ಊಟವಾದ ಮೇಲೆ ಪಕ್ಕದ ಕೋಣೆಯಿಂದ ಸದ್ದು ಬಂತು. ತಂತಿಯನ್ನು ಉಗುರಿನಿಂದ ಚಿವುಟಿದ ಹಾಗೆ. ಎದ್ದು ಹೋಗಿ ಇಣುಕಿದಳು. ಪಿಯಾನೋದ ಬಡಕಲು ತಂಗಿಯಂಥ ಒಂದು ವಾದ್ಯ, ಹೆಸರು ಹಾರ್ಪ್ಸಿಕಾರ್ಡ್ ಅಂತೆ, ಬೆರಳಿಡುವ ಬಿಳಿ ಮನೆ ಇರಬೇಕಾದಲ್ಲಿ ಕರಿ, ಕರಿ ಇರಬೇಕಾದಲ್ಲಿ ಬಿಳಿ. ಅದರ ಮುಂದೆ, ಒಂದು ಕಾಲು ಅಲ್ಲಾಡುವ ಸ್ಟೂಲಿನ ಮೇಲೆ, ಬೆಳ್ಳಿಗೂದಲಿನ ಒಬ್ಬ ಹೆಂಗಸು. ಜೊತೆಗೆ ಒಂದು ಪಿಟೀಲು, ಅದರ ದೊಡ್ಡಣ್ಣನಂಥ ಸೆಲ್ಲೋ, ಹಾಡುವ ಒಬ್ಬ ಹುಡುಗಿ. ಮುನ್ನೂರು ವರ್ಷ ಹಳೆಯ ಹಾಡುಗಳಂತೆ. ಗುರುದೇವಿ ಬಾಗಿಲಿಗೆ ಒರಗಿ ನಿಂತು ಕೊನೆಯವರೆಗೂ ಕೇಳಿದಳು. ಉಳಿದವರು ಚಹಾಕ್ಕೆ ಎದ್ದಾಗ ಆ ಹೆಂಗಸಿನ ಹತ್ತಿರ ಹೋಗಿ ಹೇಳಿದಳು, "ನೀವು ಸಾಥ್ ಮಾಡ್ತೀರಿ."

"ಏನು ಮಾಡ್ತೀನಿ?" ಎಂದಳು ಆ ಹೆಂಗಸು. ಅವಳ ಹೆಸರು ಹಿಲರಿ.

"ಸಾಥ್. ಹಾಡವರು ಮುಂದ, ನೀವು ಹಿಂದ. ಹಾಡು ಬಿದ್ದರ ನಿಮ್ಮ ಮ್ಯಾಲ ಬೀಳತೈತಿ. ಎದ್ದರ ಚಪ್ಪಾಳಿ ಅವರಿಗೆ."

ಹಿಲರಿ ಕೆಮ್ಮು ಬರುವವರೆಗೆ ನಕ್ಕಳು. "ನನ್ನ ಇಡೀ ಆಯುಷ್ಯ ಅದೇ ಆಯ್ತು. ಬಾ, ಕೂತ್ಕೋ."

ಅಂದಿನಿಂದ ಗುರುವಾರ ಮಧ್ಯಾಹ್ನಗಳು ಆ ಸ್ಟೂಲಿನ ಬದಿಗೆ ಕಳೆದವು. ಹಿಲರಿಯ ಬೆರಳ ಗಂಟುಗಳು ಊದಿಕೊಳ್ಳುತ್ತಿದ್ದವು. ಇನ್ನು ಹೆಚ್ಚು ದಿನ ನುಡಿಸಲಾರೆ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಗುರುದೇವಿಗೆ ಕಲಿಸತೊಡಗಿದಳು. ಅವಳ ಮುಂದಿನ ಹಾಳೆಯಲ್ಲಿ ಇದ್ದದ್ದು ಬರೀ ಎಡಗೈಯ ಸ್ವರಗಳ ಒಂದು ಸಾಲು. ಬಲಗೈಗೆ ಒಂದು ಸ್ವರವನ್ನೂ ಬರೆದಿರಲಿಲ್ಲ. ಸಾಲಿನ ಕೆಳಗೆ ಅಲ್ಲಲ್ಲಿ ಆರು, ಏಳು, ನಾಲ್ಕು, ಮೂರು ಎಂದು ಸಣ್ಣ ಸಣ್ಣ ಅಂಕಿ. ಅದಕ್ಕೆ ಅವರು ಫಿಗರ್ಡ್ ಬಾಸ್ ಎನ್ನುತ್ತಿದ್ದರು.

"ಎಡಗೈ ಹಿಡಿದಿರೋ ಸ್ವರಾನ ಒಂದು ಅಂತ ಇಟ್ಕೋ," ಎಂದು ಹಿಲರಿ ತೋರಿಸಿದಳು. "ಅಲ್ಲಿಂದ ಮೇಲಕ್ಕೆ ಎಣಿಸು. ಆರು ಅಂತಿದ್ರೆ ಮೂರನೇದು, ಆರನೇದು. ಅಂಕಿನೇ ಇಲ್ದಿದ್ರೆ ಮೂರು, ಐದು. ಹೇಗೆ ನುಡಿಸ್ಬೇಕು, ಮುರಿದೋ ಒಟ್ಟಿಗೋ, ಎಷ್ಟು ದಟ್ಟವಾಗಿ, ಅದೆಲ್ಲ ನಿನ್ನಿಷ್ಟ. ಯಾರೂ ಬರೆದುಕೊಡಲ್ಲ."

"ಅಂದ್ರ ಸಾ ಒಂದಾದರ ಗ ಮೂರು, ಪ ಐದು. ಇದರಾಗ ಏನೈತಿ!" ಎಂದು ಗುರುದೇವಿ ಸೆರಗು ಸಿಕ್ಕಿಸಿ ಕೂತಳು.

ಕೂತ ಮೇಲೆ ಗೊತ್ತಾಯಿತು ಅದರಲ್ಲಿ ಏನಿದೆ ಎಂದು. ಅವಳ ಲೋಕದಲ್ಲಿ ಸಾ ಒಮ್ಮೆ ಕೂತರೆ ಕೂತಿತು, ಹಾಡು ಮುಗಿಯುವವರೆಗೆ ಕದಲುವುದಿಲ್ಲ. ಇಲ್ಲಿ ಎಡಗೈ ಹೆಜ್ಜೆಯಿಟ್ಟಾಗಲೆಲ್ಲ ಒಂದು ಎಂಬುದೇ ಬೇರೆಯಾಗುತ್ತಿತ್ತು. "ಇದೇನ್ರಿ, ನಾವು ಫೆಲ್ಥಮ್‌ನ್ಯಾಗ ಬಾಡಿಗಿ ಮನಿ ಬದಲಿಸಿದಂಗ ಬದಲಸ್ತೀರಿ! ಸಾಮಾನು ಬಿಚ್ಚೂದ್ರಾಗ ಮತ್ತ ಕಟ್ಟು ಅಂತೀರಿ!" ಎಂದು ರೇಗಿದಳು. ಅದಕ್ಕಿಂತ ದೊಡ್ಡ ತಾಪತ್ರಯ ಎಡಗೈಯದು. ನುಡಿಸು ಎಂದರೆ ಅದು ತಂತಾನೇ ವಾದ್ಯದ ಹಿಂದಕ್ಕೆ ಹೋಗಿ ತಿದಿಯನ್ನು ತಡಕುತ್ತಿತ್ತು. ಹಿಲರಿ ಅದನ್ನು ಮೆಲ್ಲಗೆ ಹಿಡಿದು ಮುಂದಕ್ಕೆ ತಂದಿಡುತ್ತಿದ್ದಳು, ದಾರಿ ತಪ್ಪಿದ ಕರುವನ್ನು ಕೊಟ್ಟಿಗೆಗೆ ತರುವ ಹಾಗೆ. ಎರಡು ಚಳಿಗಾಲ ಹಿಡಿಯಿತು. ಐದು ಗೆರೆಯ ಒಂದೇ ಒಂದು ಸಾಲನ್ನು ಓದಲು ಕಲಿತಳು, ಅಂಕಿಗಳನ್ನು ಕಲಿತಳು. ಎರಡೂ ಕೈಗೆ ಬಿಡಿಸಿ ಬರೆದದ್ದನ್ನು ಓದಲು ಅವಳಿಗೆ ಆಗಲೂ ಬರುತ್ತಿರಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಹಿಲರಿಯ ಕೈಗೆ ಆಪರೇಷನ್ ಆಯಿತು. ಅವಳು ಸ್ಟೂಲು ಬಿಟ್ಟಳು, ಗುರುದೇವಿ ಕೂತಳು. ಗುಂಪನ್ನು ನಡೆಸುವ ಜವಾಬ್ದಾರಿ ಪಿಟೀಲಿನ ಡೆರೆಕ್‌ಗೆ ಹೋಯಿತು. ಡೆರೆಕ್ ಕೆಟ್ಟವನಲ್ಲ. ನೆಟ್ಟಗೆ ಬಾಚಿದ ತಲೆ, ಮಡಿಕೆ ಮುರಿಯದ ಪ್ಯಾಂಟು, ಎಲ್ಲವೂ ಬರೆದಿಟ್ಟ ಹಾಗೆಯೇ ನಡೆಯಬೇಕೆನ್ನುವ ಸ್ವಭಾವ. ವಸಂತದಲ್ಲಿ ಅದೇ ಹಾಲಿನಲ್ಲಿ ಸಂಗೀತ ಕಚೇರಿ ಗೊತ್ತಾಗಿತ್ತು.

ಅದಕ್ಕೆ ಮೊದಲು ಒಂದು ಗುರುವಾರದ ತಾಲೀಮಿನಲ್ಲಿ ಒಂದು ನಿಧಾನದ ಹಾಡು, ಮಗುವನ್ನು ಕಳೆದುಕೊಂಡ ತಾಯಿಯದು. ಹಾಡುವ ಹುಡುಗಿ ಎಮ್ಮಾ ಅರ್ಧಕ್ಕೇ ನಿಲ್ಲಿಸಿ ಅತ್ತಿತ್ತ ನೋಡಿದಳು. "ನನ್ನ ಹಿಂದೆ ಯಾರೋ ಹಾಡ್ತಿದಾರೆ," ಎಂದಳು.

ಯಾರೂ ಹಾಡುತ್ತಿರಲಿಲ್ಲ. ಗುರುದೇವಿಯ ಬಲಗೈ ಅಂಕಿಗಳನ್ನು ಬಿಟ್ಟು ಯಾವಾಗಲೋ ಎಮ್ಮಾಳ ಹಾಡನ್ನೇ ಹಿಡಿದಿತ್ತು, ಒಂದು ಕ್ಷಣ ತಡೆದು, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು. ದುಃಖದ ಹಾಡು ಕಿವಿಗೆ ಬಿದ್ದದ್ದೇ ಅಪ್ಪನ ಪಾಠ ಬೆರಳಿಗೆ ಬಂದುಬಿಟ್ಟಿತ್ತು. ಅವಳಿಗೇ ತಿಳಿದಿರಲಿಲ್ಲ.

ಡೆರೆಕ್ ಪಿಟೀಲು ಕೆಳಗಿಟ್ಟ. "ಹಾಡುವವಳ ಸ್ವರವನ್ನ ನಾವು ಮುಟ್ಟಬಾರದು. ಅದು ಅವಳೊಬ್ಬಳದೇ. ಇದು ಇವತ್ತಿನದಲ್ಲ, ಹೋದ ವಾರವೂ ಆಗಿತ್ತು." ಆಮೇಲೆ ಸ್ವಲ್ಪ ಮುಜುಗರದಿಂದಲೇ ಹೇಳಿದ. ಬಲಗೈಯದನ್ನೂ ಪೂರ್ತಿ ಬಿಡಿಸಿ ಬರೆದು ಅಚ್ಚು ಹಾಕಿದ ಪುಸ್ತಕ ತರಿಸಿದ್ದಾನೆ. ಹ್ಯಾರೋದ ಒಬ್ಬ ಪಿಯಾನೋ ಮೇಷ್ಟ್ರು ಬಂದು ಅದನ್ನು ನೋಡಿ ನುಡಿಸುತ್ತಾರೆ. "ನೀವು ಅವರ ಪಕ್ಕದಲ್ಲಿ ಕೂತು ಹಾಳೆ ತಿರುಗಿಸಿಕೊಟ್ಟರೆ ತುಂಬ ಉಪಕಾರವಾಗುತ್ತೆ."

ಗುರುದೇವಿಯ ಕಿವಿ ಬಿಸಿಯಾದವು. ತಪ್ಪು ತನ್ನದೇ, ಅದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಹಾಳೆ!

"ಹಾಳಿ ತಿರುವಾಕ ಒಂದು ಫ್ಯಾನ್ ಹಚ್ಚಿಡ್ರಿ, ಸಾಕು. ನಾ ಯಾಕ ಬೇಕು? ಗಾಳಿ ಹಾಕೂ ಕೆಲಸ ನನ್ನ ಎಡಗೈ ಬಿಟ್ಟು ಭಾಳ ದಿನ ಆತು." ಎದ್ದು ನಿಂತಳು, ಸ್ಟೂಲಿನ ಮೇಲಿನ ಕೈ ತೆಗೆಯಲಿಲ್ಲ. "ಮುಂದಿನ ಗುರುವಾರ ಇನ್ನೊಮ್ಮೆ ಕೇಳ್ರಿ. ಈ ಹುಡುಗಿ ಹಾಡಿಗೆ ನನ್ನ ಬೆರಳು ತಾಗಿದರ ಈ ಸ್ಟೂಲ್ ನಾನಽ ಹೊತ್ತು ಆ ಮಾಸ್ತರಗ ಕೊಡ್ತೇನಿ."

"ಒಂದ್ಸಲ ನೋಡೋಣ, ಡೆರೆಕ್," ಎಂದಳು ಎಮ್ಮಾ. ಡೆರೆಕ್ ನಿಟ್ಟುಸಿರಿಟ್ಟು ಆಗಲಿ ಎಂದ.

ಮನೆಗೆ ಬಂದು ಮಗನಿಗೆ ಹೇಳಬಾರದಿತ್ತು, ಹೇಳಿದಳು. ಶರಣಬಸವ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. "ಅವ್ವಾ, ಅವರೆಲ್ಲಾ ಲೈಫ್‌ಲಾಂಗ್ ಮ್ಯೂಸಿಕ್ ಓದಿದವ್ರು. ನಿನಗ್ಯಾಕ ಬೇಕು ಈ ಟೆನ್ಷನ್? ಅನ್ನಿಸಿಕೊಂಡು ಬರೂಕಿಂತ ನೀನಽ ಬಿಟ್ಟುಬಿಡು, ಮರ್ಯಾದಿಯಾದ್ರೂ ಉಳೀತದ."

"ನನ್ನ ಮರ್ಯಾದಿ ನಾ ನೋಡಿಕೋತೇನಿ. ನೀ ನಿನ್ನ ಪಾರ್ಕಿಂಗ್ ನೋಡಿಕೋ. ಹೋದ ವಾರನೂ ದಂಡ ಕಟ್ಟೀಯಂತ."

ಅಡುಗೆ ಮನೆಯಲ್ಲಿ ಸೊಸೆ ಸೌಜನ್ಯಾ ಕಿಸಕ್ಕನೆ ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಆ ಭಾನುವಾರ ೧೮೩ನೇ ಬಸ್ಸು ಹತ್ತಿ, ಪೇಟಿಯನ್ನು ಮಗುವಿನ ತಳ್ಳುಗಾಡಿಗಳ ಜಾಗದಲ್ಲಿ ಇಟ್ಟುಕೊಂಡು ಕಿಂಗ್ಸ್‌ಬರಿಗೆ ಹೋದಳು. ತಲೆಯಲ್ಲಿ ಒಂದೇ ಯೋಚನೆ. ಹಾಡು ಕೇಳಿದರೂ ಹಿಂದೆ ಹೋಗದ ಹಾಗೆ ಈ ಕೈಯನ್ನು ಕಟ್ಟಿಹಾಕುವುದು ಹೇಗೆ? ಅದಕ್ಕೆ ಹಾಡುವವರು ಬೇಕು. ಮಂಡಳಿಯಲ್ಲಿ ವಿಶಾಲಾಕ್ಷಿ ಇದ್ದಳು. ಬೆಂಗಳೂರಿನವಳು, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ, ಗಂಟಲು ಒಳ್ಳೆಯದು, ಬಾಯಿ ಅದಕ್ಕಿಂತ ಜೋರು. ಅವಳು ವಚನವೊಂದನ್ನು ಎತ್ತಿಕೊಂಡಳು. ಗುರುದೇವಿ ಅವಳ ಹಿಂದೆ ಹೋಗಲಿಲ್ಲ. ಮೂರು ಸ್ವರ ಒಟ್ಟಿಗೆ ಹಿಡಿದು ಕೆಳಗೇ ನಿಂತಳು. ಹಾಡು ತಿರುಗಿದಲ್ಲಿ ತಾನೂ ಬೇರೆ ಮೂರು ಸ್ವರಕ್ಕೆ ಸರಿದಳು.

ವಿಶಾಲಾಕ್ಷಿ ಎರಡು ಸಾಲು ತಡೆದುಕೊಂಡಳು, ಮೂರನೆಯದಕ್ಕೆ ತಾಳ ಬಿಟ್ಟಳು. "ಗುರುದೇವಮ್ಮ! ಎಲ್ಲಿಗೆ ಹೋದ್ರಿ ನನ್ ಬಿಟ್ಟು?"

"ಎಲ್ಲೂ ಹೋಗಿಲ್ಲ. ಇಲ್ಲೇ ಅದೇನಿ, ಕೆಳಗ."

"ಕೆಳಗೆ ಏನ್ ಕೆಲ್ಸ ನಿಮಗೆ? ನಾನಿಲ್ಲಿ ಒಬ್ಳೇ ನಡುರಸ್ತೇಲಿ ನಿಂತ ಹಾಗಿದೆ. ಆ ಚರ್ಚಿಗೆ ಹೋಗಿ ಹೋಗಿ ಸಾಥ್ ಕೊಡೋದೇ ಮರ್ತ್ಬಿಟ್ರಾ?"

"ಅಲ್ಲಿ ಹಿಂದ ಬಂದಿ ಅಂತ ಬೈತಾರ. ಇಲ್ಲಿ ಹಿಂದ ಬರಲಿಲ್ಲ ಅಂತ ನೀ ಬೈತಿ. ಬೈಸಿಕೊಳ್ಳೂದೊಂದು ಎರಡೂ ಕಡೆ ಸಮಾ ಐತಿ ನೋಡವ್ವಾ."

ಕೂತವರೆಲ್ಲ ನಕ್ಕರು. ಗುರುದೇವಿ ನಗಲಿಲ್ಲ. "ಇನ್ನೊಮ್ಮೆ ಹಾಡು. ನಾ ಬರೂದಿಲ್ಲ ಅಂತ ತಿಳಕೊಂಡಽ ಹಾಡು. ನಾ ನೆಲಾ ಆಗತೇನಿ, ನೀ ನನ್ನ ಮ್ಯಾಲ ನಡಿ."

"ಒಳ್ಳೆ ಸಹವಾಸ ಆಯ್ತು," ಎಂದು ಗೊಣಗುತ್ತಲೇ ವಿಶಾಲಾಕ್ಷಿ ಮತ್ತೆ ಹಾಡಿದಳು. ಮತ್ತೆ ನಿಂತಳು, ಮತ್ತೆ ಬೈದಳು, ಮತ್ತೆ ಹಾಡಿದಳು. ಹೀಗೆ ಹಾಡಿಸಿಕೊಂಡು ಹೋದಂತೆ ಗುರುದೇವಿಗೆ ಒಂದು ಕಡೆ ತಟ್ಟನೆ ತಿಳಿಯಿತು. ವಿಶಾಲಾಕ್ಷಿ ಒಂದು ಸ್ವರವನ್ನು ಉದ್ದಕ್ಕೆ ಹಿಡಿದಿದ್ದಳು. ಇವಳು ಕೆಳಗಿನಿಂದ ಒಂದು ಸ್ವರ ಬದಲಿಸಿದಳು. ಹಾಡುವವಳು ಏನೂ ಮಾಡಿರಲಿಲ್ಲ, ಆದರೂ ಅದೇ ಸ್ವರಕ್ಕೆ ಕಣ್ಣೀರು ಬಂದ ಹಾಗಾಯಿತು. ಹಿಂದೆ ನಡೆಯುವವಳಿಗೆ ಹಾಡುವವರ ಬೆನ್ನಷ್ಟೇ ಕಾಣುತ್ತದೆ. ಕೆಳಗೆ ಇರುವವಳ ಮೇಲೆ ಅವರ ಪೂರ್ತಿ ಭಾರ ಬೀಳುತ್ತದೆ. ಆ ಭಾರ ಅವಳಿಗೆ ಹಿಡಿಸಿತು.

ಪೇಟಿಯ ಮುಚ್ಚಳ ಹಾಕುವಾಗ ವಿಶಾಲಾಕ್ಷಿ ಚಹಾ ತಂದುಕೊಟ್ಟು ಹೇಳಿದಳು. "ನಾನು ಹಾಡೋವಾಗ ಕೆಳಗೇ ಇರಿ, ಹಾಳಾಗ್ಲಿ. ಆದ್ರೆ ಉಸಿರು ತಗೊಳ್ಳೋಕೆ ನಿಲ್ತೀನಲ್ಲ, ಅಲ್ಲಾದ್ರೂ ಏನಾದ್ರೂ ನುಡಿಸಬಾರ್ದಾ? ಭಣಭಣ ಅನ್ಸುತ್ತೆ ಕಣ್ರೀ."

ಮುಂದಿನ ಗುರುವಾರ ಗುರುದೇವಿಯ ಬೆರಳು ಎಮ್ಮಾಳ ಹಾಡಿಗೆ ತಾಗಲಿಲ್ಲ. ಹಲ್ಲು ಕಚ್ಚಿ ಅಂಕಿಗಳನ್ನಷ್ಟೇ ನೋಡಿದಳು. ನಾಲ್ಕಿದ್ದಲ್ಲಿ ನಾಲ್ಕು, ಮೂರಿದ್ದಲ್ಲಿ ಮೂರು. ಮುಗಿದಾಗ ಎಮ್ಮಾ ತಲೆಯಾಡಿಸಿದಳು. ಡೆರೆಕ್ ಗದ್ದ ಕೆರೆದುಕೊಂಡ.

"ತಪ್ಪೇನೂ ಆಗಲಿಲ್ಲ. ಆದರೆ ಹಲಗೆ ಬಡಿದ ಹಾಗಿತ್ತು."

ಅದೂ ನಿಜವೇ ಆಗಿತ್ತು. ಮೈಯೆಲ್ಲ ಬಿಗಿಹಿಡಿದು ನುಡಿಸಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಡೆರೆಕ್ ಸೇರಿಸಿದ, "ಕಚೇರಿಯ ದಿನ ಮೇಷ್ಟ್ರೂ ಬರಲಿ. ಹಾಲಿನಲ್ಲಿ ನೋಡಿ ತೀರ್ಮಾನ ಮಾಡೋಣ."

ಒಂದು ಸ್ಟೂಲಿಗೆ ಇಬ್ಬರು. ಆ ದಿನ ನೋಡೋಣ ಎಂದರೆ ಏನರ್ಥ ಎಂಬುದು ಗುರುದೇವಿಗೆ ಗೊತ್ತಿತ್ತು. ಫ್ಯಾಕ್ಟರಿಯಲ್ಲೂ ಅನ್ನುತ್ತಿದ್ದರು. ಸೂಪರ್‌ವೈಸರ್ ಜಾಗ ಖಾಲಿಯಾದಾಗಲೆಲ್ಲ ನೋಡೋಣ ನೋಡೋಣ ಎಂದು, ಕೊನೆಗೆ ನಿನ್ನೆ ಮೊನ್ನೆ ಬಂದವರನ್ನು ಕೂರಿಸುತ್ತಿದ್ದರು. ಆಗ ಅವಳು ಸುಮ್ಮನೆ ಟ್ರೇ ಜೋಡಿಸಿದ್ದಳು. ಮನೆಗೆ ಬಂದು ಕಲ್ಲಯ್ಯನ ಮುಂದೆ ಕಣ್ಣೀರು ಹಾಕಿದ್ದಳು. ಈಗ ಕಣ್ಣೀರು ನೋಡಲು ಕಲ್ಲಯ್ಯನೂ ಇಲ್ಲ.

ಕಚೇರಿಯ ದಿನ ಇಲಕಲ್ ಸೀರೆ ಉಟ್ಟು, ಮೇಲೆ ಕಾರ್ಡಿಗನ್ ಹಾಕಿಕೊಂಡು, ಕುರ್ಚಿ ಜೋಡಿಸುವವರಿಗಿಂತ ಮೊದಲೇ ಹೋಗಿ ಸ್ಟೂಲಿನ ಮೇಲೆ ಕೂತಳು. ಕೂತವಳು ಏಳಲಿಲ್ಲ. ಸುತ್ತ ಕುರ್ಚಿ ಎಳೆದರು, ಹೂವಿಟ್ಟರು, ನೆಲ ಗುಡಿಸಿದರು. ಅವಳು ಕಾಲೆತ್ತಿ ಕೊಟ್ಟಳೇ ಹೊರತು ಜಾಗ ಕೊಡಲಿಲ್ಲ. ಹಸಿವಾದಾಗ ಅಲ್ಲೇ ಡಬ್ಬಿ ಬಿಚ್ಚಿ ರೊಟ್ಟಿ ತಿಂದಳು. ಚಟ್ನಿಯ ಪುಡಿ ವಾದ್ಯದ ಮೇಲೆ ಬೀಳದಂತೆ ಸೆರಗು ಹಾಸಿಕೊಂಡಳು.

ಡೆರೆಕ್ ಬಂದ, ಜೊತೆಗೆ ಹ್ಯಾರೋದ ಮೇಷ್ಟ್ರು, ತೆಳ್ಳಗಿನ ಸಾಧು ಮನುಷ್ಯ. ಡೆರೆಕ್ ಅಚ್ಚಿನ ಪುಸ್ತಕವನ್ನು ವಾದ್ಯದ ಮೇಲೆ ತೆರೆದಿಟ್ಟು ಗಂಟಲು ಸರಿಮಾಡಿಕೊಂಡ.

"ನಾನು ಯೋಚನೆ ಮಾಡಿದೆ. ಇವತ್ತಿನ ಮಟ್ಟಿಗೆ ಇವರು ಕೂರಲಿ ಅಂತ..."

"ಕೂಡ್ರಲಿ, ಯಾರು ಬ್ಯಾಡ ಅಂದರು? ಮುಂದಿನ ಸಾಲಿನ್ಯಾಗ ಖುರ್ಚಿ ಭಾಳ ಅದಾವು." ಗುರುದೇವಿ ಆ ಪುಸ್ತಕವನ್ನು ಮಡಿಸಿ, ಎರಡೂ ಕೈಯಿಂದ ಮರ್ಯಾದೆಯಾಗಿಯೇ ಮೇಷ್ಟ್ರ ಕೈಗೆ ಕೊಟ್ಟಳು. ತನ್ನ ಚೀಲದಿಂದ ಒಂಟಿ ಸಾಲಿನ ಹಾಳೆ ತೆಗೆದು ಅದರ ಜಾಗದಲ್ಲಿ ಇಟ್ಟಳು. "ಹಲಗಿ ಬಡದಂಗ ಆತು ಅಂದ್ರಿ, ಖರೇ. ತಪ್ಪಿದಾಗ ತಪ್ಪಿತು ಅಂದ್ರಿ, ಅದೂ ಖರೇ. ಒಪ್ಪಿಕೊಂಡೇನಿ. ಆದರ ಇವತ್ತ ಏಳೂದಿಲ್ಲ. ಎಬ್ಬಸೂದಿದ್ದರ ಸ್ಟೂಲ್ ಸಮೇತ ಎತ್ತರಿ."

ಜನ ಒಳಗೆ ಬರತೊಡಗಿದ್ದರು. ಶರಣಬಸವ, ಸೌಜನ್ಯಾ ಹಿಂದಿನ ಸಾಲಿನಲ್ಲಿ ಕೂತರು. ವಿಶಾಲಾಕ್ಷಿ ಮಂಡಳಿಯ ಅರ್ಧ ಜನರನ್ನು ಕಟ್ಟಿಕೊಂಡು ಬಂದು ಕೈ ಬೀಸಿದಳು. ಡೆರೆಕ್‌ನ ಕೆನ್ನೆ ಕೆಂಪಾಯಿತು. ಮೊದಲ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಹಿಲರಿ ಇಷ್ಟೇ ಹೇಳಿದಳು, "ಡೆರೆಕ್, ನಿನ್ನ ಪಿಟೀಲಿನ ಶ್ರುತಿ ನೋಡ್ಕೋ." ಮೇಷ್ಟ್ರು ಆಗಲೇ ಕೋಟು ಬಿಚ್ಚಿ ಹಿಲರಿಯ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದರು.

ಮೊದಲಿನ ಜೋರಿನ ಹಾಡುಗಳು ಹೇಗೋ ದಾಟಿದವು. ಒಂದು ಕಡೆ ಏಳನ್ನು ಆರು ಮಾಡಿದಳು, ಸೆಲ್ಲೋದವನು ಹುಬ್ಬೇರಿಸಿದ, ಹಾಡು ನಿಲ್ಲಲಿಲ್ಲ. ಆಮೇಲೆ ಮಗುವನ್ನು ಕಳೆದುಕೊಂಡ ತಾಯಿಯ ಹಾಡು ಬಂತು. ಎಡಗೈ ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿಯಿತು. ಎಮ್ಮಾ ಹಾಡಿದಳು. ಬಲಗೈಗೆ ಆಸೆಯಾಯಿತು, ಅವಳ ಹಿಂದೆ ಓಡಬೇಕೆಂದು. ಗುರುದೇವಿ ಬಿಡಲಿಲ್ಲ. ನೆಲವಾಗಿ ನಿಂತಳು. ಎಮ್ಮಾ ಪೂರ್ತಿ ಭಾರ ಬಿಟ್ಟು ಅವಳ ಮೇಲೆ ನಡೆದಳು.

ನಡುವೆ ಎಮ್ಮಾ ಉಸಿರಿಗೆ ನಿಂತಳು. ಹಾಳೆಯಲ್ಲಿ ಅಲ್ಲಿ ಎಡಗೈಯ ಒಂದೇ ಉದ್ದನೆಯ ಸ್ವರ, ಕೆಳಗೆ ನಾಲ್ಕು, ಮೂರು. ಹಾರ್ಪ್ಸಿಕಾರ್ಡಿನ ಸದ್ದಿಗೆ ಆಯಸ್ಸು ಕಡಿಮೆ. ಪೇಟಿಯ ಹಾಗೆ ಗಾಳಿ ಹಾಕಿ ಉಳಿಸಿಕೊಳ್ಳಲು ಬರುವುದಿಲ್ಲ, ನುಡಿಸಿದ ಕೂಡಲೇ ಆರುತ್ತದೆ. ಹಾಲೆಲ್ಲ ಭಣಭಣ. ಎಡಗೈ ತನ್ನ ಸ್ವರವನ್ನು ಇನ್ನೊಮ್ಮೆ ಊರಿತು. ಬಲಗೈಯನ್ನು ಗುರುದೇವಿ ಈಗ ಬೇಕೆಂದೇ ಬಿಟ್ಟುಕೊಟ್ಟಳು. ಎಮ್ಮಾ ಹಾಡಿ ಮುಗಿಸಿದ ಕೊನೆಯ ತುಣುಕನ್ನು ಅದು ಎತ್ತಿಕೊಂಡು, ಮಠದ ಪೇಟಿ ಸೋಮವಾರ ಸಂಜೆ ಎತ್ತಿಕೊಳ್ಳುತ್ತಿದ್ದಂತೆ ಒಂದು ಸುತ್ತು ತಿರುಗಿಸಿ, ನಾಲ್ಕಕ್ಕೆ ಬಂದು ನಿಂತು, ಮೂರಕ್ಕೆ ಇಳಿದು, ಜಾಗ ಖಾಲಿ ಮಾಡಿತು. ಎಮ್ಮಾ ಅದನ್ನು ಕೇಳಿ, ಅದು ಇಳಿಸಿದಲ್ಲಿಂದಲೇ ಮುಂದಿನ ಸಾಲು ಹಿಡಿದಳು. ಹಿಂದಿನ ಸಾಲಿನಿಂದ ವಿಶಾಲಾಕ್ಷಿ, ತಾನಿರುವುದು ಚರ್ಚಿನ ಹಾಲು ಎಂಬುದನ್ನು ಮರೆತು, "ಆಹಾ!" ಎಂದಳು. ನಾಲ್ಕಾರು ತಲೆಗಳು ಹಿಂದೆ ತಿರುಗಿ ನೋಡಿದವು.

ಡೆರೆಕ್ ಪಿಟೀಲಿನ ಮೇಲಿಂದ ಕಣ್ಣು ಬಿಟ್ಟು ನೋಡಿದ. ಗುರುದೇವಿಯೂ ಅವನನ್ನೇ ನೋಡಿದಳು. ಎರಡನೆಯ ಸಲ ಎಮ್ಮಾ ಉಸಿರಿಗೆ ನಿಂತಾಗ ಇನ್ನೊಮ್ಮೆ ನುಡಿಸಿದಳು.

ಚಪ್ಪಾಳೆ ಎಮ್ಮಾಳಿಗೆ ಬಿತ್ತು, ಬೀಳಬೇಕಾದ ಹಾಗೆ. ಜನ ಚಹಾ, ಬಿಸ್ಕೀಟಿನ ಕಡೆ ಸರಿದಾಗ ಡೆರೆಕ್ ವಾದ್ಯದ ಹತ್ತಿರ ಬಂದ. ಒಂಟಿ ಸಾಲಿನ ಹಾಳೆಯ ಮೇಲೆ ಬೆರಳಿಟ್ಟ.

"ನೀವು ನುಡಿಸಿದ್ದು ಇಲ್ಲಿ ಇಲ್ಲ."

"ಇಲ್ಲ."

"ಅಂಕಿ ಹಾಗೆ ಹೇಳಿಲ್ಲ."

"ಬ್ಯಾಡ ಅಂತನೂ ಹೇಳಿಲ್ಲಲ್ರಿ. ಹುಡುಗಿ ಹಾಡೂವಾಗ ಕೈ ಹಚ್ಚಿಲ್ಲ. ಆಕಿ ಸುಮ್ಮನಾದಾಗ ಮಾತಾಡೇನಿ. ಅಷ್ಟಕ್ಕೂ ನಾ ಸುಮ್ಮನಿರಬೇಕಂದ್ರ ಮದಲಽ ಹೇಳ್ತೇನಿ, ನನಗ ಆಗೂದಿಲ್ಲ."

ಡೆರೆಕ್ ಹಾಳೆಯನ್ನು ಮತ್ತೊಮ್ಮೆ ನೋಡಿದ. ಸ್ವರಗಳ ನಡುವಿನ ಖಾಲಿ ಜಾಗವನ್ನೂ ನೋಡಿದ. ಹೊರಡುವವನು ತಿರುಗಿ ನಿಂತು ಕೇಳಿದ, "ಗುರುವಾರ ಎರಡೂವರೆಗೆ ತಾಲೀಮು. ಬರ್ತೀರಲ್ಲ?"

"ನಾ ಬರ್ತೇನಿ," ಎಂದಳು ಗುರುದೇವಿ, ಡಬ್ಬಿ ಚೀಲಕ್ಕೆ ಹಾಕುತ್ತ. "ಈ ಸ್ಟೂಲಿನ ಕಾಲು ಅಲ್ಲಾಡತೈತಿ. ಅಷ್ಟರಾಗ ಬಿಗಿ ಮಾಡಿಸಿಡ್ರಿ."